ತುರುಗೋಳಿನಿಂದ ಟಚ್‌ಡೌನ್‌ವರೆಗೆ: ಅಮೆರಿಕದ ಫುಟ್‌ಬಾಲ್ ಪರಿಭಾಷೆಗೆ ಒಂದು ಬದನಗುಪ್ಪೆ ಭಾಷ್ಯ

ಅಮೆರಿಕದ ಫುಟ್‌ಬಾಲಿನ ಮೂಲವನ್ನು ಕುರಿತು ಇದುವರೆಗೆ ನಡೆದಿರುವ ಚರ್ಚೆಗಳಲ್ಲಿ ಚಾಮರಾಜನಗರ ಜಿಲ್ಲೆಯ ಹೆಸರು ಬಂದಿಲ್ಲ. ಈ ಮೌನ ಆಕಸ್ಮಿಕವಲ್ಲ ಎಂಬುದು ಪ್ರಸ್ತುತ ಪ್ರಬಂಧದ ನಿಲುವು.

1869ರ ನವೆಂಬರ್ 6ರಂದು ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜಿನ ಹುಡುಗರು ತಂಡಕ್ಕೆ 25 ಜನರಂತೆ ಆಡಿದ್ದೇ ಮೊದಲ ಪಂದ್ಯ, ರಟ್ಗರ್ಸ್ 6–4ರಿಂದ ಗೆದ್ದಿತು ಎಂದು ಅಲ್ಲಿಯ ಇತಿಹಾಸಕಾರರು ಬರೆದು ಕೈತೊಳೆದುಕೊಂಡಿದ್ದಾರೆ. ಗಂಗರ ಶಾಸನಗಳನ್ನು ಓದಿದವರಿಗೆ 1869 ಎಂದರೆ ನಿನ್ನೆ ಮೊನ್ನೆ. ಬಿ.ಎಲ್. ರೈಸ್ ಅವರು 1898ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 4ನೆಯ ಸಂಪುಟ ತಂದು, ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳನ್ನು ಅದರಲ್ಲಿ ಸೇರಿಸಿದರು. ಆ ಶಾಸನಗಳಲ್ಲಿ ಟಚ್‌ಡೌನ್ ಎಂಬ ಪದ ಇಲ್ಲ. ಸಾಮಾನ್ಯ ಓದುಗ ಇಷ್ಟಕ್ಕೇ ಪುಸ್ತಕ ಮುಚ್ಚುತ್ತಾನೆ. ಸಂಶೋಧಕ ಇಲ್ಲಿಂದಲೇ ಶುರು ಮಾಡುತ್ತಾನೆ: ಇಷ್ಟು ದೊಡ್ಡ ಪದ ಇಷ್ಟು ಪೂರ್ತಿಯಾಗಿ ಇಲ್ಲವಾಗಬೇಕಾದರೆ ಯಾರೋ ಅಳಿಸಿರಲೇಬೇಕು.

ಮೊದಲು ಆಕರದ ಮಾತು. ಸೂಪರ್ ಬೌಲ್ ಎಂಬ ಅಂತಿಮ ಪಂದ್ಯ ನ್ಯೂಜೆರ್ಸಿಯ ಗಡಿಯಾರದಲ್ಲಿ ಭಾನುವಾರ ಸಂಜೆ ಆರೂವರೆಗೆ ಆರಂಭವಾದರೆ, ನಮ್ಮಲ್ಲಿ ಅದು ಸೋಮವಾರ ಬೆಳಗಿನ ಜಾವ ಐದು ಗಂಟೆ. ಚಾಮರಾಜನಗರ ಜಿಲ್ಲೆಯ ನಮ್ಮ ಬದನಗುಪ್ಪೆಯಲ್ಲಿ ಆ ಹೊತ್ತಿಗೆ ಎದ್ದಿರುವವರು ಮೂರೇ ವರ್ಗ: ಹಾಲು ಕರೆಯುವವರು, ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸುತ್ತಿರುವವರು, ಮತ್ತು ನ್ಯೂಜೆರ್ಸಿಯಲ್ಲಿ ಸೋದರಳಿಯ ಇರುವವರು. ಪ್ರಸ್ತುತ ಲೇಖಕ ಮೂರನೆಯ ವರ್ಗಕ್ಕೆ ಸೇರಿದವನು. 2025ರ ಫೆಬ್ರುವರಿ 10ರಂದು, ನಂಜನಗೂಡು ರಸ್ತೆಯ ಒಂದು ಟೀ ಅಂಗಡಿಯಲ್ಲಿ, ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಫಿಲಡೆಲ್ಫಿಯ ಈಗಲ್ಸ್ ಮತ್ತು ಕಾನ್ಸಸ್ ಸಿಟಿ ಚೀಫ್ಸ್ ತಂಡಗಳ ಪಂದ್ಯದ ಕ್ಷೇತ್ರಕಾರ್ಯ ನಡೆಯಿತು. ಅಂಗಡಿಯ ಯಜಮಾನರು ಹಾಲು ಉಕ್ಕದಂತೆ ಒಂದು ಕಣ್ಣಿಟ್ಟು, ಇನ್ನೊಂದನ್ನು ಸಂಶೋಧನೆಗೆ ಕೊಟ್ಟಿದ್ದರು.

‘ಏನ್ ಸಾ ಇದು? ಆಗ್ಲಿಂದ ನೋಡ್ತಾ ಇವ್ನಿ. ಬಗ್ತರ, ಏಳ್ತರ, ಗುಂಪು ಕಟ್ಕಂಡು ಮಾತಾಡ್ತರ. ಆಟ ಯಾವಾಗ ಸುರುವಾದದು?’

‘ನಡೀತಾನೇ ಇದೆಯಲ್ಲಪ್ಪ.’

‘ಬುಡಿ ಸಾ, ಇದು ಪಂಚಾಯ್ತಿ ಮೀಟಿಂಗು.’

ಈ ಅವಲೋಕನವನ್ನು ಹಗುರವಾಗಿ ಕಾಣಬಾರದು. 2010ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಗಡಿಯಾರ ಹಿಡಿದು ಅಳೆದಾಗ, ಮೂರು ಗಂಟೆ ಮೀರುವ ಪ್ರಸಾರದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 11 ನಿಮಿಷ ಎಂದು ತಿಳಿದುಬಂತು. ಪತ್ರಿಕೆ ಹಲವು ಪಂದ್ಯ ಅಳೆದು ಕಂಡದ್ದನ್ನು ನಮ್ಮ ಯಜಮಾನರು ಒಂದು ಕುದಿ ಹಾಲಿನಲ್ಲಿ ಕಂಡರು. ಗುಂಪು ಕಟ್ಟಿಕೊಂಡು ಮಾತಾಡುವುದಕ್ಕೆ ಪರಿಭಾಷೆಯಲ್ಲಿ ಹಡಲ್ ಎನ್ನುತ್ತಾರೆ. ಮುಂದಿನ ನಡೆ ಏನೆಂದು ಅಲ್ಲಿ ನಿರ್ಧಾರವಾಗುತ್ತದೆ. ಆಮೇಲೆ ಬೇರೆ ಏನೋ ನಡೆಯುತ್ತದೆ.

ಇನ್ನು ಪೂರ್ವಪಕ್ಷಗಳು. ಮೊದಲನೆಯದು ಸೋದರಳಿಯನದು. ‘ಮಾವ, ಸುಮ್ನೆ ತಲೆ ಕೆಡಿಸ್ಕೋಬೇಡಿ, ಇದು ಕಬಡ್ಡಿನೇ’ ಎಂಬುದು ಅವನ ಮತ. ವಾದಕ್ಕೆ ಬುಡವೇ ಇಲ್ಲವೆಂದಲ್ಲ. ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ರಾತ್ರಿ ಕಳೆದವರಿಗೆಲ್ಲ ಗೊತ್ತು: ಪ್ರೊ ಕಬಡ್ಡಿ ಬಂದ ಮೇಲೆ ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದು ‘ಡೂ ಆರ್ ಡೈ’, ಅಂಕ ತರಬೇಕು, ಇಲ್ಲವೇ ಔಟಾಗಬೇಕು. ಅಮೆರಿಕದಲ್ಲಿ ಅಂಥ ಪ್ರತಿಯೊಂದು ಪ್ರಯತ್ನಕ್ಕೂ ಡೌನ್ ಎಂದು ಹೆಸರು. ನಾಲ್ಕು ಡೌನ್‌ಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಸಿಗುತ್ತವೆ, ಹೋಗದಿದ್ದರೆ ಚೆಂಡು ಎದುರಾಳಿಗೆ. ಈ ನಿಯಮ ಯಾಕೆ ಬಂತೆಂದರೆ, 1881ರಲ್ಲಿ ಯೇಲ್ ಮತ್ತು ಪ್ರಿನ್ಸ್‌ಟನ್ ತಂಡಗಳು ಒಂದೊಂದು ಅರ್ಧ ಪೂರ್ತಿ ಚೆಂಡನ್ನು ಅಪ್ಪಿಕೊಂಡು ಕೂತು, ಯಾರಿಗೂ ಏನೂ ದಕ್ಕದೆ ಪಂದ್ಯ ಮುಗಿಯಿತು. ಮರುವರ್ಷ ಯೇಲ್‌ನ ವಾಲ್ಟರ್ ಕ್ಯಾಂಪ್ ಎಂಬ ಪುಣ್ಯಾತ್ಮ ಮೂರು ಡೌನ್‌ಗೆ ಐದು ಗಜ ಎಂಬ ಗಡುವು ತಂದ. ಅದು 1906ರಲ್ಲಿ ಹತ್ತು ಗಜವಾಯಿತು, 1912ರಲ್ಲಿ ನಾಲ್ಕು ಡೌನ್ ಆಯಿತು. ಕೂತವನನ್ನು ಎಬ್ಬಿಸಲು ಇವರಿಗೆ ಮೂವತ್ತು ವರ್ಷ ಹಿಡಿಯಿತು.

ಆದರೂ ಕಬಡ್ಡಿವಾದ ನಿಲ್ಲುವುದಿಲ್ಲ. ಕಬಡ್ಡಿಯ ರೈಡರ್ ಬರಿಗೈಯಲ್ಲಿ ಹೋಗಿ ಬರಿಗೈಯಲ್ಲೇ ಬರುತ್ತಾನೆ. ಇಲ್ಲಿ ನಡುವೆ ಒಂದು ಸೊತ್ತಿದೆ, ಜಗಳವೆಲ್ಲ ಆ ಸೊತ್ತಿನದು. ಇದನ್ನು ಓದುಗರು ನೆನಪಿಡಬೇಕು.

ಎರಡನೆಯದು ಮೋಜಣಿವಾದ, ಇದು ಗಟ್ಟಿ ಕುಳ. ಮೈದಾನದ ಉದ್ದ ಗೋಲ್ ಗೆರೆಯಿಂದ ಗೋಲ್ ಗೆರೆಗೆ 100 ಗಜ, ಅಗಲ 160 ಅಡಿ. ಲೆಕ್ಕ ಹಾಕಿದರೆ 1 ಎಕರೆ 4 ಗುಂಟೆ. ಎರಡೂ ತುದಿಯಲ್ಲಿ ಹತ್ತು ಹತ್ತು ಗಜದ ಎಂಡ್ ಝೋನ್ ಎಂಬ ಪಟ್ಟಿ ಸೇರಿದರೆ ಹತ್ತಿರ ಹತ್ತಿರ 1 ಎಕರೆ 13 ಗುಂಟೆ. ಹತ್ತು ಗಜ ದಾಟಿದರೋ ಇಲ್ಲವೋ ಎಂಬ ತಕರಾರು ಎದ್ದರೆ, ಅಂಚಿನಲ್ಲಿ ನಿಂತಿರುವ ಇಬ್ಬರು ಎರಡು ಗೂಟಗಳಿಗೆ ಕಟ್ಟಿದ ಸರಪಳಿ ಹಿಡಿದು ಓಡಿ ಬಂದು ಅಳೆಯುತ್ತಿದ್ದರು. 2025ರಲ್ಲಿ ಅಲ್ಲಿಯ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಈ ಅಳತೆಯನ್ನು ಕ್ಯಾಮೆರಾಗಳಿಗೆ ಒಪ್ಪಿಸಿದರೂ ಸರಪಳಿಯವರನ್ನು ಮನೆಗೆ ಕಳಿಸಿಲ್ಲ. ಸರ್ವೇ ಇಲಾಖೆಗೆ ಅಲೆದವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಿಲ್ಲ. ಮೋಜಣಿವಾದಿಗಳ ಬ್ರಹ್ಮಾಸ್ತ್ರ ಮಾತ್ರ ಬೇರೆಯೇ ಇದೆ. ಚೆಂಡು ಆಟಕ್ಕೆ ಬರುವ ಮೊದಲೇ ಗೆರೆ ದಾಟಿ ಎದುರಾಳಿಗೆ ತಾಕಿದರೆ ಅದನ್ನು ಎನ್‌ಕ್ರೋಚ್‌ಮೆಂಟ್ ಎನ್ನುತ್ತಾರೆ. ನಮ್ಮ ಶುದ್ಧ ಒತ್ತುವರಿ. ಆದರೆ ಅಲ್ಲಿ ಹಳದಿ ಬಟ್ಟೆ ಎಸೆದು, ಒತ್ತುವರಿ ಮಾಡಿದವರನ್ನು ಆ ಕ್ಷಣವೇ ಐದು ಗಜ ಹಿಂದಕ್ಕೆ ತಳ್ಳುತ್ತಾರೆ. ನೋಟಿಸಿಲ್ಲ, ತಡೆಯಾಜ್ಞೆಯಿಲ್ಲ, ಮೇಲ್ಮನವಿಯಿಲ್ಲ. ಆದ್ದರಿಂದ ಈ ಆಟಕ್ಕೂ ಕಂದಾಯ ವ್ಯವಹಾರಕ್ಕೂ ಸಂಬಂಧವಿದೆಯೆಂದು ನಂಬಲು ಸಾಧ್ಯವೇ ಇಲ್ಲ.

ಮೂರನೆಯ ಪಕ್ಷವೊಂದು ಸಂಜೆಯ ಹೊತ್ತು ಮಾತ್ರ ಪ್ರಬಲವಾಗುತ್ತದೆ. ಕ್ವಾರ್ಟರ್‌ಬ್ಯಾಕ್, ಹಾಫ್‌ಬ್ಯಾಕ್, ಫುಲ್‌ಬ್ಯಾಕ್ ಎಂಬ ಮೂರು ಸ್ಥಾನಗಳೂ ಈ ಆಟದಲ್ಲಿ ನಿಜವಾಗಿಯೂ ಇರುವುದರಿಂದ, ಇದರ ಮೂಲ ಗುಂಡ್ಲುಪೇಟೆ ರಸ್ತೆಯ ವೈನ್ ಸ್ಟೋರು ಎಂಬುದು ಅವರ ಪ್ರತಿಪಾದನೆ. ಅವರೊಡನೆ ಬೆಳಿಗ್ಗೆ ಚರ್ಚಿಸಬಹುದು.

ಈಗ ಸಿದ್ಧಾಂತ. ಅಮೆರಿಕದ ಫುಟ್‌ಬಾಲ್ ಎಂಬುದು ತುರುಗೋಳಲ್ಲದೆ ಬೇರೆಯಲ್ಲ.

ಹಸುಗಳ ಹಿಂಡನ್ನು ಹಗೆಗಳು ಹೊಡೆದುಕೊಂಡು ಹೋಗುವುದು, ಊರಿನ ವೀರ ಬೆನ್ನಟ್ಟಿ ಕಾದುವುದು, ತುರುವನ್ನು ‘ಮಗುಳ್ಚಿ’, ಅಂದರೆ ತಿರುಗಿಸಿ ತಂದು, ತಾನು ಸಾಯುವುದು: ನೂರಾರು ವೀರಗಲ್ಲುಗಳ ಕಥೆ ಇಷ್ಟೇ. ಈಗ ಚೆಂಡನ್ನು ನೋಡಿ. ಅಮೆರಿಕನ್ನರು ಅದನ್ನು ಬಾಯಿತುಂಬ ಹಂದಿ ಚರ್ಮ ಎಂದು ಕರೆಯುತ್ತಾರೆ. ಆದರೆ ಓಹಿಯೊದ ಏಡಾ ಎಂಬ ಊರಿನ ವಿಲ್ಸನ್ ಕಾರ್ಖಾನೆಯಲ್ಲಿ ಎನ್‌ಎಫ್‌ಎಲ್ ಚೆಂಡುಗಳನ್ನು ಹೊಲಿಯುವುದು ದನದ ಚರ್ಮದಿಂದ. ಬಾಯಲ್ಲಿ ಹಂದಿ, ಕಂಕುಳಲ್ಲಿ ದನ! ಕದ್ದ ಮಾಲಿಗೆ ಬೇರೆ ಹೆಸರಿಡುವುದು ಕಳ್ಳರ ಹಳೆಯ ರೂಢಿ. ಸಿದ್ಧಾಂತಕ್ಕೆ ಇದೊಂದೇ ಸಾಕಿತ್ತು.

ಹಂದಿಯೇ ಯಾಕೆ ಎಂದು ಕೇಳುವವರನ್ನು ಆತಕೂರಿಗೆ ಕರೆದೊಯ್ಯಬೇಕು. ಮಂಡ್ಯ ಜಿಲ್ಲೆಯ ಆ ಊರಿನಲ್ಲಿ ಸಿಕ್ಕ, ಸುಮಾರು 950ರ ಕಲ್ಲಿನಲ್ಲಿ, ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಕೊಟ್ಟ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಕಾದಾಡಿ, ಎರಡೂ ಸತ್ತ ಸಂಗತಿಯಿದೆ. ಹಂದಿಯ ಮೈಮೇಲೆ ಬೀಳುವುದನ್ನು ಕಲ್ಲಿನಲ್ಲಿ ಕೆತ್ತಿಟ್ಟ ನಾಡು ನಮ್ಮದು. ಹೆಚ್ಚು ಹೇಳಿದರೆ ಜಂಬವಾದೀತು.

ಈ ಬೆಳಕಿನಲ್ಲಿ ಪರಿಭಾಷೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ತುರುವನ್ನು ಹಗೆಯ ಊರಿನ ಗಡಿ ದಾಟಿಸಿದರೆ ಟಚ್‌ಡೌನ್, 6 ಅಂಕ. ಚೆಂಡು ಗೆರೆಯ ಮೇಲೆ ಹಾದರೆ ಸಾಕು, ನೆಲಕ್ಕೆ ಮುಟ್ಟಿಸಬೇಕಿಲ್ಲ. ಟಚ್ಚೂ ಇಲ್ಲ, ಡೌನೂ ಇಲ್ಲ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೊಂದು ಅಂಕ, ಒದೆಯದೆ ಮತ್ತೆ ನುಗ್ಗಿದರೆ ಎರಡು. ಗಡಿ ದಾಟಲಾಗದೆ ದೂರದಿಂದಲೇ ಒದ್ದು ಕಂಬಗಳ ನಡುವೆ ಕಳಿಸಿದರೆ ಫೀಲ್ಡ್ ಗೋಲ್, 3. ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವಿದರೆ ಸ್ಯಾಕ್. ಹಿಡಿದದ್ದು ಕೈಜಾರಿದರೆ ಫಂಬಲ್. ತನ್ನ ಮನೆಯಂಗಳದಲ್ಲೇ ಹಗೆಗಳ ಕೈಲಿ ಕೆಡವಿಸಿಕೊಂಡು ಅವರಿಗೆ 2 ಅಂಕ ಕೊಡುವುದನ್ನು ಸೇಫ್ಟಿ ಎನ್ನುತ್ತಾರೆ. ಹೆಸರಿಟ್ಟವನು ಹಗೆಯ ಕಡೆಯವನೇ ಇರಬೇಕು.

ಎಸೆದ ಚೆಂಡನ್ನು ಎದುರಾಳಿಯೇ ಹಿಡಿದುಬಿಟ್ಟರೆ ಇಂಟರ್ಸೆಪ್ಶನ್. ಹಿಡಿದವನು ಹಾಗೇ ಓಡಿ ಟಚ್‌ಡೌನ್ ಮಾಡಿದರೆ ಪಿಕ್ ಸಿಕ್ಸ್. ತುರು ಮಗುಳ್ಚುವುದು ಎಂದರೆ ಸಾಕ್ಷಾತ್ ಇದೇ. ಆ ಬೆಳಗಿನ ಪಂದ್ಯದಲ್ಲಿ ಈಗಲ್ಸ್‌ನ ಕೂಪರ್ ಡಿಜೀನ್ 38 ಗಜ ಓಡಿ ಮಗುಳ್ಚಿದ. ಅಂದೇ ಅವನಿಗೆ 22 ತುಂಬಿತ್ತು. ಕೊನೆಗೆ ಈಗಲ್ಸ್ 40–22ರಿಂದ ಗೆದ್ದಿತು. ಡಿಜೀನ್ ಬದುಕುಳಿದದ್ದರಿಂದ ಕಲ್ಲು ನೆಡುವ ಪ್ರಮೇಯ ಬರಲಿಲ್ಲ. ಮೊದಲು ಹೀಗಿರಲಿಲ್ಲ. 1905ರಲ್ಲಿ ಹುಡುಗರು ಆಡುತ್ತಾಡುತ್ತಲೇ ಸತ್ತು, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕಾಲೇಜಿನವರನ್ನು ಶ್ವೇತಭವನಕ್ಕೆ ಕರೆಸಿ ಬುದ್ಧಿ ಹೇಳಬೇಕಾಯಿತು. ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಗುದ್ದಾಟದ ಆಟಕ್ಕೆ ಕಣ್ಣೋಟ ಬಂದದ್ದು ಆಗ.

ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಸ್ಟೇಡಿಯಂನಲ್ಲೂ ಕೆಳಗೆ ಕಾಳಗ. ಅಪ್ಸರೆಯರು ಗೊಂಡೆ ಹಿಡಿದು ಅಂಚಿನಲ್ಲಿ ಕುಣಿಯುತ್ತಾರೆ. ಕೈಲಾಸ ಓಹಿಯೊದ ಕ್ಯಾಂಟನ್‌ನಲ್ಲಿದೆ: 1963ರಲ್ಲಿ ತೆರೆದ ಹಾಲ್ ಆಫ್ ಫೇಮ್, ವೀರರ ಕಂಚಿನ ತಲೆಗಳ ಸಾಲು. ಗಂಗರ ಕಾಲದಲ್ಲಿ ವೀರನಿಗೆ ಸಲ್ಲುತ್ತಿದ್ದ ‘ಬಾಳ್ಗಳ್ಚು’ ಎಂಬ ಭೂಮಾನ್ಯವನ್ನು ಈಗ ಸೈನಿಂಗ್ ಬೋನಸ್ ಎನ್ನುತ್ತಾರೆ. ವ್ಯತ್ಯಾಸವೆಂದರೆ ಇದನ್ನು ಕಾದುವ ಮೊದಲೇ ಕೊಡುತ್ತಾರೆ.

ಆಕ್ಷೇಪ: ನಾಲ್ಕನೆಯ ಡೌನಿನಲ್ಲಿ ತಂಡವೇ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸುವ ಪಂಟ್ ಎಂಬ ಪದ್ಧತಿಯಿದೆ. ಯಾವ ಕಳ್ಳ ತಾನು ಹೊಡೆದು ತಂದ ಹಸುವನ್ನು ಒದ್ದು ಹಿಂದಕ್ಕೆ ಕಳಿಸುತ್ತಾನೆ? ಸಮಾಧಾನ: ಪೊಲೀಸು ಬಾಗಿಲಿಗೆ ಬಂದಾಗ ಮಾಲನ್ನು ಪಕ್ಕದವರ ಹಿತ್ತಿಲಿಗೆ ಎಸೆಯದ ಕಳ್ಳ ಎಲ್ಲಿದ್ದಾನೆ?

ಇನ್ನುಳಿದವನ್ನು ಬೇಗ ಮುಗಿಸೋಣ. ಮ್ಯಾಡನ್ ಎಂಬ ವಿಡಿಯೊ ಗೇಮಿನ ಹೊದಿಕೆಯ ಮೇಲೆ ಚಿತ್ರ ಬಂದ ಆಟಗಾರನಿಗೆ ಗ್ರಹಚಾರ ಕಾದಿದೆ ಎಂಬ ನಂಬಿಕೆಗೆ ಮ್ಯಾಡನ್ ಶಾಪ ಎನ್ನುತ್ತಾರೆ. ಬೇರೆ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕು. ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆಂಬ ಅಪವಾದವನ್ನು ದಶಕಗಳ ಕಾಲ ಹೊತ್ತ ಚಾಮರಾಜನಗರದವರಿಗೆ ಬೇಡ. 2013ರ ನಂತರ ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದುಹೋಗಿಯೂ ಐದು ವರ್ಷ ಪೂರೈಸಿದರು. ಮ್ಯಾಡನ್ ಶಾಪಕ್ಕೂ ಅಂಥ ಒಬ್ಬರು ಬೇಕು.

ಸೋಮವಾರ ಬೆಳಗಿನ ಕ್ವಾರ್ಟರ್‌ಬ್ಯಾಕ್ ಎಂದರೆ ಪಂದ್ಯ ಮುಗಿದ ಮರುದಿನ ಕೂತು ‘ಹಾಗೆ ಎಸೆಯಬೇಕಿತ್ತು’ ಎನ್ನುವವನು; ನಮ್ಮ ಒಲೆ ಮುಂದಿನ ಉತ್ತರಕುಮಾರ. ಬದನಗುಪ್ಪೆಯಲ್ಲಿ ಪಂದ್ಯ ನಡೆಯುವುದೇ ಸೋಮವಾರ ಬೆಳಿಗ್ಗೆ, ಅದೂ ಒಲೆ ಮುಂದೆ. ಆದ್ದರಿಂದ ಈ ಹುದ್ದೆಯನ್ನು ನೇರಪ್ರಸಾರದಲ್ಲೇ ನಿಭಾಯಿಸುವ ಅನುಕೂಲ ನಮಗಿದೆ.

ಕೊನೆಯದು ಹೇಲ್ ಮೇರಿ. 1975ರ ಡಿಸೆಂಬರ್ 28ರಂದು, ಅರ್ಧ ನಿಮಿಷ ಮಾತ್ರ ಉಳಿದಿದ್ದಾಗ, ಸೋಲುತ್ತಿದ್ದ ಡಲ್ಲಾಸ್ ಕೌಬಾಯ್ಸ್‌ನ ರೋಜರ್ ಸ್ಟಾಬಾಕ್ ಕಣ್ಮುಚ್ಚಿ ಮೇರಿ ಮಾತೆಯನ್ನು ನೆನೆದು ಚೆಂಡನ್ನು ದೂರಕ್ಕೆ ಬೀಸಿದ. ಡ್ರೂ ಪಿಯರ್ಸನ್ ಅದನ್ನು ಸೊಂಟದ ಬಳಿ ಹೇಗೋ ಅವುಚಿಕೊಂಡ. ಮಿನೆಸೋಟ ವೈಕಿಂಗ್ಸ್ 17–14ರಿಂದ ಸೋತಿತು. ಈ ಕಥೆಯನ್ನು ಹೇಳಿದಾಗ ಟೀ ಅಂಗಡಿಯ ಯಜಮಾನರು ಎತ್ತಿ ಸುರಿಯುತ್ತಿದ್ದ ಟೀಯನ್ನು ಅರ್ಧಕ್ಕೆ ನಿಲ್ಲಿಸಿ, ‘ಉಘೇ ಮಾದಪ್ಪ ಅಂದು ಎಸದ್ಬುಟ್ಟ ಅನ್ನಿ’ ಎಂದರು. ಪರಿಭಾಷೆ ಅಲ್ಲಿಗೆ ಪೂರ್ಣವಾಯಿತು.

ಓದುಗರಲ್ಲಿ ಒಂದು ವಿನಂತಿ. ನಿಮ್ಮೂರಿನ ಕೆರೆ ಏರಿಯಲ್ಲೋ ಹೊಲದ ಬದುವಿನಲ್ಲೋ ವೀರಗಲ್ಲು ಬಿದ್ದಿದ್ದರೆ ಅದರ ಮೇಲೆ ಬಟ್ಟೆ ಒಗೆಯಬೇಡಿ, ಚರಂಡಿಗೆ ಚಪ್ಪಡಿ ಹಾಕಬೇಡಿ. ಪುರಾತತ್ವ ಇಲಾಖೆಗೆ ತಿಳಿಸಿ. ವೀರನ ತಲೆಯ ಮೇಲೆ ಹೆಲ್ಮೆಟ್ ಕಂಡರೆ ಮಾತ್ರ ಮೊದಲು ನನಗೆ ಹೇಳಿ.