ಒಂದೇ ಬಾಣಲೆಯ ಬುಧವಾರ

ಹೊಸೂರಿನಲ್ಲಿ ಚಿಕನ್ ಪಾಸ್ತಾ ಮಾಡಬೇಕೆಂದರೆ ಮೊದಲು ನೋಡಬೇಕಾದ್ದು ಪಂಚಾಂಗ. ಸೋಮವಾರ ಬೆಟ್ಟದ ಮೇಲಿನ ಚಂದ್ರಚೂಡೇಶ್ವರನದು. ಮಂಗಳವಾರ ಮುರುಗನದು, ಗುರುವಾರ ಸಾಯಿಬಾಬಾರದು, ಶುಕ್ರವಾರ ಲಕ್ಷ್ಮಿಯದು, ಶನಿವಾರ ತಿಮ್ಮಪ್ಪನದು. ಕನ್ನಡ, ತಮಿಳು, ತೆಲುಗು ಕಲೆತ ಊರು ನೋಡಿ, ಎಲ್ಲ ಕಡೆಯ ದೇವರೂ ಬಂದು ವಾರ ಹಂಚಿಕೊಂಡಿದ್ದಾರೆ. ಭಾನುವಾರ ಮನೆಯಲ್ಲಿ ಬಾಡೂಟ. ಅವತ್ತು ಪಾಸ್ತಾ ಅಂದರೆ ಮಾವನವರು ಊಟ ಬಿಟ್ಟೇಳುತ್ತಾರೆ. ಉಳಿದದ್ದು ಬುಧವಾರ.

ಎಲೆಕ್ಟ್ರಾನಿಕ್ ಸಿಟಿಯಿಂದ ಹೊರಟು, ಚಂದಾಪುರದಲ್ಲಿ ನಿಂತು, ಅತ್ತಿಬೆಲೆ ಟೋಲಿನಲ್ಲಿ ಮತ್ತೆ ನಿಂತು ಊರು ಸೇರುವವಳಿಗೆ ಒಂದೇ ಬಾಣಲೆಯಲ್ಲಿ ಇಪ್ಪತ್ತು ನಿಮಿಷಕ್ಕೆ ಮುಗಿಯುವ ಅಡುಗೆ ಅಂದರೆ ಮೋಕ್ಷವೇ. ಕೋಳಿ ಅಂಗಡಿಯಲ್ಲಿ ಕಾಲು ಕೆಜಿ ಬೋನ್‌ಲೆಸ್ ಕೇಳಿದೆ. ಅಂಗಡಿಯವನು ಮೂಳೆಯನ್ನೂ ಬೇರೆ ಕಟ್ಟಿ ಕೊಟ್ಟ. ನಮ್ಮ ಅತ್ತೆಯ ಪರಿಚಯ ಅವನಿಗೂ ಇದೆ.

ಕೆಲಸ ಸುಲಭ. ಬೆಣ್ಣೆಯಲ್ಲಿ ಬೆಳ್ಳುಳ್ಳಿ, ಮೇಲೆ ಉಪ್ಪು, ಮೆಣಸಿನ ಪುಡಿ ಸವರಿದ ಕೋಳಿ ತುಂಡು. ಅದು ಕೆಂಪಗಾದ ಮೇಲೆ ಅದೇ ಬಾಣಲೆಗೆ ಇನ್ನೂರು ಗ್ರಾಂ ಹಸಿ ಪಾಸ್ತಾ, ಮುಳುಗುವಷ್ಟು ನೀರು. ಬೇರೆ ಪಾತ್ರೆಯಲ್ಲಿ ಬೇಯಿಸಿ ಬಸಿದರೆ ಗಂಜಿ ಮೋರಿಗೆ ಹೋಗುತ್ತದೆ. ಇಲ್ಲಿ ಅದು ಬಾಣಲೆಯಲ್ಲೇ ಉಳಿದು ಸಾಸನ್ನು ಮಂದ ಮಾಡುತ್ತದೆ. ಇಷ್ಟನ್ನು ನಾನು ದೊಡ್ಡದಾಗಿ ವಿವರಿಸುತ್ತಿದ್ದರೆ, ಜೀವಮಾನವಿಡೀ ಮುದ್ದೆ ತೊಳಸಿದ ಅತ್ತೆ ಬಾಣಲೆಗೆ ಬಗ್ಗಿ, "ತಳ ಹಿಡೀತಾ ಇದೆ, ತಿರುಗಿಸಮ್ಮ" ಅಂದರು. ತಿರುಗಿಸಿದೆ.

ತಕರಾರು ಎದ್ದದ್ದು ಫ್ರಿಜ್ಜಿನ ಬಾಗಿಲು ತೆಗೆದಾಗ. ತುಪ್ಪಕ್ಕೆಂದು ಅತ್ತೆ ದಿನಾ ಕೂಡಿಡುವ ಕೆನೆಯ ಡಬ್ಬಿಗೆ ನಾನು ಕೈ ಹಾಕಿದ್ದೆ.

"ಬಾಡಿಗೆ ಹಾಲು ಸೋಕಿಸ್ತಾರೇನೇ? ಮೈಗೆ ಆಗಿಬರಲ್ಲ!"

"ಬಿರಿಯಾನಿಗೆ ಮೊಸರು ಹಾಕಲ್ವಾ ಅತ್ತೆ?"

"ಮೊಸರು ಬೇರೆ, ಹಾಲು ಬೇರೆ."

ನ್ಯಾಯವಾಗಿ ನೋಡಿದರೆ ರೋಮ್ ನಗರವೂ ಅತ್ತೆಯ ಕಡೆಗೇ ಇದೆ. ಅಲ್ಲಿನ ಹೋಟೆಲಿನ ಆಲ್ಫ್ರೆಡೊ ಡಿ ಲೆಲಿಯೊ ಹೆಸರುವಾಸಿ ಮಾಡಿದ ಪಾಸ್ತಾಕ್ಕೆ ಬೀಳುತ್ತಿದ್ದದ್ದು ಬೆಣ್ಣೆ ಮತ್ತು ಪಾರ್ಮೆಸಾನ್ ಚೀಸ್ ಮಾತ್ರ. ಕೆನೆ, ಕೋಳಿ ಎಲ್ಲ ಅಮೆರಿಕಕ್ಕೆ ಹೋದಮೇಲೆ ಅಂಟಿಕೊಂಡ ಚಾಳಿ. ಈ ಸಂಗತಿಯನ್ನು ನಾನು ಅತ್ತೆಗೆ ಇನ್ನೂ ಹೇಳಿಲ್ಲ, ಹೇಳುವುದೂ ಇಲ್ಲ. ಕೂಡಿಟ್ಟ ಕೆನೆ ಹುಳಿ ತಿರುಗಿ ಆಗಲೇ ಅರ್ಧ ಮೊಸರಾಗಿದೆಯಲ್ಲ ಎಂದು ವಾದ ಹೂಡಿದೆ. ಮೂಸಿ ನೋಡಿ ಎರಡು ಚಮಚಕ್ಕೆ ಒಪ್ಪಿಗೆ ಕೊಟ್ಟರು. ಒಲೆ ಆರಿಸಿಯೇ ಹಾಕಬೇಕು, ಕುದಿಯುವಾಗ ಸುರಿದರೆ ಒಡೆಯುತ್ತದೆ. ನಾಲ್ಕು ಚಮಚ ಹಾಕಿದೆ.

ಅಷ್ಟರಲ್ಲಿ ಪಕ್ಕದ ಒಲೆಯಲ್ಲಿ ಮೂಳೆ ಸಾರು ಕುದಿಯುತ್ತಿತ್ತು. ಅದರ ಹಿಂದೆಯೇ ಮುದ್ದೆಯ ಪಾತ್ರೆ, ಮುದ್ದೆ ಕೋಲು, ಸಾರಿಗೆ ರುಬ್ಬಿದ ಮಿಕ್ಸಿ ಜಾರು. ಒಂದೇ ಬಾಣಲೆಯ ಅಡುಗೆ ಮುಗಿದಾಗ ಸಿಂಕಿನಲ್ಲಿ ಲೋಟ ತೊಳೆಯಲೂ ಜಾಗವಿರಲಿಲ್ಲ.

ಮಾವನವರ ತಟ್ಟೆಗೆ ಮರ್ಯಾದೆಗೆಂದು ಒಂದು ಸೌಟು ಪಾಸ್ತಾ ಬಡಿಸಿದೆ. ಅವರು ಅದರೊಳಗಿನ ಕೋಳಿಯನ್ನು ಹೆಕ್ಕಿ ತಿಂದರು, ಪಾಸ್ತಾವನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸಾಲಾಗಿ ಸರಿಸಿದರು, ಉಳಿದ ಬಿಳಿ ಸಾಸಿನಲ್ಲಿ ಮುದ್ದೆ ಮುರಿದು ಅದ್ದಿ ನುಂಗಿದರು. ಇನ್ನೊಂದು ಸೌಟು ಕೇಳಿದರು.

"ಸಾರು ಚೆನ್ನಾಗಿದೆ ಕಣಮ್ಮ. ಮುಂದಿನ ಸಲ ಈ ಕೊಳವೆ ಮಾತ್ರ ಹಾಕಬೇಡ."