ಹರಿಯದ ತಂತಿಯ ಅಹವಾಲು

ಬೆಂಗಳೂರಿನ ಬಡಾವಣೆಯೊಂದರ ಟೆನಿಸ್ ಅಂಕಣ. ಭಾನುವಾರದ ಡಬಲ್ಸ್ ಮುಗಿಸಿದ ಮಾಲೀಕರು ಮೊಣಕೈಗೆ ಸ್ಪ್ರೇ ಹೊಡೆದುಕೊಂಡು ಇಡ್ಲಿ-ವಡೆಗೆ ಹೋಗಿದ್ದಾರೆ. ಬೆಂಚಿನ ಮೇಲೆ ಅವರು ಬಿಟ್ಟುಹೋದ ರ‍್ಯಾಕೆಟ್ಟಿನ ಪಾಲಿಯೆಸ್ಟರ್ ತಂತಿ ಬಿಡುವಾಗಿ ಮಾತಿಗೆ ಸಿಕ್ಕಿತು.

ಪ್ರಶ್ನೆ: ಹೇಗಿದ್ದೀರಿ?

ತಂತಿ: ಸತ್ತು ಬಹಳ ದಿನ ಆಯ್ತು. ಮಾಲೀಕರಿಗೆ ಇನ್ನೂ ಗೊತ್ತಾಗಿಲ್ಲ.

ಪ್ರಶ್ನೆ: ಎಲ್ಲೂ ಹರಿದೇ ಇಲ್ಲವಲ್ಲ!

ತಂತಿ: ಅದೇ ನನ್ನ ಕರ್ಮ. ನಮ್ಮ ಪಾಲಿಯೆಸ್ಟರ್ ಬಳಗ ಹರಿಯೋದಕ್ಕೆ ಮುಂಚೆಯೇ ಸಾಯುತ್ತೆ. ಅಂಗಡಿಯವನು ಮೆಷಿನ್ನಿಗೆ ಹಾಕಿ 55 ಪೌಂಡಿಗೆ ಎಳೆದು ಕಟ್ಟಿದ. ಆ ಬಿಗಿ ಮೊದಲ ಕೆಲವು ಗಂಟೆಯ ಆಟದಲ್ಲೇ ಇಳಿಯೋಕೆ ಶುರು. ಒಂದಿಪ್ಪತ್ತು ಗಂಟೆ ಆಡುವಷ್ಟರಲ್ಲಿ ಕಥೆ ಮುಗಿದಿರುತ್ತೆ. ವಾರಕ್ಕೆ ಎಷ್ಟು ದಿನ ಆಡ್ತೀರೋ ವರ್ಷಕ್ಕೆ ಅಷ್ಟು ಸಲವಾದರೂ ಗಟ್ಟಿಂಗ್, ಅಂದರೆ ತಂತಿ, ಬದಲಿಸಿ ಅನ್ನೋದು ಹಳೇ ಲೆಕ್ಕ. ಇವರು ವಾರಕ್ಕೆ ಮೂರು ದಿನ ಆಡ್ತಾರೆ. ನಾನು ಬಂದಮೇಲೆ ಎರಡು ದೀಪಾವಳಿ ಕಳೆದಿವೆ. ನಿವೃತ್ತಿಯಾದರೂ ಬಿಡುಗಡೆ ಆದೇಶ ಬರದ ಗುಮಾಸ್ತನ ಹಾಗೆ ಕೂತಿದ್ದೇನೆ. ಹಾಜರಾತಿ ಪೂರ್ತಿ, ಕೆಲಸ ಸೊನ್ನೆ.

ಪ್ರಶ್ನೆ: ಅಷ್ಟೊಂದು ತಂತಿಗಳಲ್ಲಿ ನಿಮ್ಮನ್ನೇ ಯಾಕೆ ಆರಿಸಿದರು?

ತಂತಿ: ನಡಾಲ್ ರ‍್ಯಾಕೆಟ್ಟಿನಲ್ಲಿ ಕಪ್ಪು ಪಾಲಿಯೆಸ್ಟರ್ ಕಂಡರಂತೆ. ನಡಾಲ್ ತೋಳು ಕಾಣಲಿಲ್ಲವೇನೋ! ಈ ಹುಚ್ಚಿಗೆ ಮೂಲ 1997ರ ಫ್ರೆಂಚ್ ಓಪನ್. 66ನೇ ರ‍್ಯಾಂಕಿನ ಬ್ರೆಜಿಲ್ ಹುಡುಗ ಗುಸ್ತಾವೊ ಕುಯರ್ಟನ್ ಬೆಲ್ಜಿಯಂನ ಲಕ್ಸಿಲಾನ್ ತಂತಿ ಕಟ್ಟಿಸಿಕೊಂಡು ಬಂದು ಕಪ್ ಎತ್ತಿದ. ಅಲ್ಲಿಂದ ನಮಗೆ ಶುಕ್ರದೆಸೆ.

ಪ್ರಶ್ನೆ: ನಿಮ್ಮಲ್ಲಿ ಅಂಥದ್ದೇನಿದೆ?

ತಂತಿ: ನುಣುಪು. ರ‍್ಯಾಕೆಟ್ಟನ್ನು ಕೆಳಗಿಂದ ಮೇಲಕ್ಕೆ ಜೋರಾಗಿ ಬೀಸಿದರೆ ನನ್ನ ಉದ್ದದ ಎಳೆಗಳು ಅಡ್ಡ ಎಳೆಗಳ ಮೇಲೆ ಪಕ್ಕಕ್ಕೆ ಜಾರುತ್ತವೆ. ಚೆಂಡು ಬಿಟ್ಟುಹೋಗುವ ಮುಂಚೆಯೇ ಫಟ್ಟನೆ ವಾಪಸ್ ಬರುತ್ತವೆ. ಇಷ್ಟೂ ನಡೆಯೋದು ಸುಮಾರು 5 ಮಿಲಿಸೆಕೆಂಡಿನಲ್ಲಿ. ವಾಪಸ್ ಬರುವಾಗ ಚೆಂಡಿಗೆ ಹೆಚ್ಚುವರಿ ಟಾಪ್‌ಸ್ಪಿನ್ ಕೊಟ್ಟು ಕಳಿಸುತ್ತೇವೆ. ಇದೇ ಕಸುಬನ್ನು ಅತಿರೇಕಕ್ಕೆ ಒಯ್ದದ್ದು ಸ್ಪಗೆಟ್ಟಿ ತಂತಿ ಅನ್ನೋ ಹೆಣಿಗೆ. 1977ರಲ್ಲಿ ಅದನ್ನು ಕಟ್ಟಿಸಿಕೊಂಡು ಬಂದ ಆಟಗಾರ ನಸ್ತಾಸೆ ಎದುರು ಚಾಂಪಿಯನ್ ವಿಲಾಸ್ ಎರಡು ಸೆಟ್ ಸೋತು, ಆಟವೇ ಬೇಡ ಅಂತ ಎದ್ದು ನಡೆದರು. ಆಮೇಲೆ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ ಅದನ್ನು ನಿಷೇಧಿಸಿತು. ನಾವು ಕಾನೂನಿನೊಳಗೇ ಜಾರುವವರು, ಬಚಾವಾದೆವು.

ಪ್ರಶ್ನೆ: ಹಾಗಾದರೆ ನಿಮ್ಮ ಮಾಲೀಕರಿಗೂ ಸ್ಪಿನ್ ಸಿಗಬೇಕಲ್ಲ?

ತಂತಿ: ಅವರು ಬೀಸೋದಿಲ್ಲ ಸ್ವಾಮಿ, ತಳ್ಳುತ್ತಾರೆ. ನಾನು ಬಿರುಸು ಸ್ವಭಾವದವನು. ಮೆಲ್ಲಗೆ ತಳ್ಳಿದರೆ ಬಗ್ಗೋದಿಲ್ಲ. ಚೆಂಡು ಸರ್ವಿಸ್ ಗೆರೆ ಹತ್ತಿರವೇ ಬೀಳುತ್ತೆ, ಎದುರಿನವರು ಅದನ್ನು ಬಾರಿಸುತ್ತಾರೆ. ಇವರಿಗೆ ರೇಗುತ್ತೆ. ಮುಂದಿನ ಹೊಡೆತಕ್ಕೆ ಸೊಂಟ ತಿರುಗಿಸಲ್ಲ, ಬರೀ ತೋಳಿನಿಂದ ರಪ್ಪನೆ ಹೊಡೀತಾರೆ. ಆ ಪೆಟ್ಟನ್ನು ನಾನು ನುಂಗೋದಿಲ್ಲ, ನೇರ ಮೊಣಕೈಗೆ ರವಾನೆ. ಈಗಂತೂ ಎಳೆಗಳು ಒಂದನ್ನೊಂದು ತಿಕ್ಕಿ, ಹಾಯುವ ಕಡೆಯೆಲ್ಲ ಕಚ್ಚು ಬಿದ್ದಿದೆ. ಪಕ್ಕಕ್ಕೆ ಹೋದ ಎಳೆ ಅಲ್ಲೇ ಸಿಕ್ಕಿಕೊಳ್ಳುತ್ತೆ. ಪಾಯಿಂಟ್ ಮುಗಿದಾಗಲೆಲ್ಲ ಬೆರಳಿಂದ ಒಂದೊಂದನ್ನೇ ನೆಟ್ಟಗೆ ಮಾಡಿ, ಚಾಂಪಿಯನ್ನಿನ ಗತ್ತಿನಲ್ಲಿ ಬೇಸ್‌ಲೈನಿಗೆ ಹೋಗ್ತಾರೆ. ಬಿಗಿ ಇಳಿದದ್ದರಿಂದ ಒಂದು ಚೆಂಡು ನೆಟ್ಟಿಗೆ, ಇನ್ನೊಂದು ಹಿಂದಿನ ಬೇಲಿಗೆ. ಆಗ ಜೊತೆಗಾರರ ಕಡೆ ತಿರುಗಿ, "ಗಾಳಿ ಜಾಸ್ತಿ ಇದೆ" ಅಂತಾರೆ.

ಪ್ರಶ್ನೆ: ಇನ್ನಷ್ಟು ಬಿಗಿ ಕಟ್ಟಿಸಿದರೆ ಹೊಡೆತ ಜೋರಾಗುತ್ತದೆ ಅಂತಾರೆ.

ತಂತಿ: ಇರೋದು ತಿರುಗಾಮುರುಗಾ. ಸಡಿಲ ಇದ್ದರೆ ಚೆಂಡು ದೂರ ಹೋಗುತ್ತೆ, ಬಿಗಿ ಇದ್ದರೆ ಹತೋಟಿ ಬರುತ್ತೆ. ಹಿಂದಿನ ಚಾಂಪಿಯನ್ ಬೋರ್ಗ್ ಮರದ ರ‍್ಯಾಕೆಟ್ಟಿಗೆ 80 ಪೌಂಡ್ ಆಸುಪಾಸು ಬಿಗಿಸುತ್ತಿದ್ದರು. ರಾತ್ರಿ ಹೋಟೆಲ್ ಕೋಣೆಯಲ್ಲಿ ತಂತಿಗಳು ತಾವಾಗಿಯೇ ಟಪ್ ಅಂತ ಹರಿಯುತ್ತಿದ್ದವು. ಈ ಕಥೆ ನಮ್ಮವರ ಕಿವಿಗೆ ಬೀಳದಿರಲಿ.

ಪ್ರಶ್ನೆ: ಅವರಿಗೆ ಹೊಂದುವ ತಂತಿ ಯಾವುದು?

ತಂತಿ: ನೂರಾರು ನಾರು ಸೇರಿಸಿ ಹೊಸೆದ ಮಲ್ಟಿಫಿಲಮೆಂಟ್. ಮೆದು, ಕೈಗೆ ಹಿತ, ಮೆಲ್ಲನೆಯ ಬೀಸಿಗೂ ಚೆಂಡನ್ನು ದಾಟಿಸುತ್ತೆ. ಜೇಬು ಹಗುರವಾದರೆ ಸಾದಾ ನೈಲಾನ್. ಎಲ್ಲಕ್ಕಿಂತ ಹಿತ ನ್ಯಾಚುರಲ್ ಗಟ್. ಬಹುಕಾಲ ಬಿಗಿ ಬಿಡೋದಿಲ್ಲ, ಆದರೆ ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳಬೇಕು, ಮಳೆಗೂ ಆಗಿಬರೋದಿಲ್ಲ. ಅದು ದನದ ಕರುಳಿನದು ಅಂತ ಗೊತ್ತಾದರೆ ಇಡ್ಲಿ ಗುಂಪಿನಲ್ಲಿ ಅರ್ಧ ಗಂಟೆ ಚರ್ಚೆ. ಫೆಡರರ್ ಉದ್ದಕ್ಕೆ ಗಟ್, ಅಡ್ಡಕ್ಕೆ ಪಾಲಿಯೆಸ್ಟರ್ ಹಾಕಿಸಿ ಎರಡರ ಗುಣವನ್ನೂ ಪಡೆದರು. ಏನೇ ಆಗಲಿ ನಾನೇ ಬೇಕು ಅಂದರೆ ನೈಲಾನಿಗಿಂತ ಒಂದೈದು ಪೌಂಡ್ ಸಡಿಲ ಕಟ್ಟಿಸಲಿ, ಹರಿಯುವ ತನಕ ಕಾಯದೆ ಕತ್ತರಿಸಲಿ. ನಡಾಲ್ ತಂತಿ ಬೇಕು ಅನ್ನೋರು ನಡಾಲ್ ಹಾಗೆ ಬದಲಿಸೋದನ್ನೂ ಕಲೀಬೇಕು.

ಪ್ರಶ್ನೆ: ಅಂದರೆ ತಪ್ಪೆಲ್ಲ ತಂತಿಯದೇ?

ತಂತಿ: ಮಂಡಿ ಬಗ್ಗಿಸದೆ ನಿಂತದ್ದು, ಚೆಂಡಿನ ಹತ್ತಿರ ತಡವಾಗಿ ಹೋದದ್ದು, ಇದನ್ನೆಲ್ಲ ನನ್ನ ಖಾತೆಗೆ ಬರೀಬೇಡಿ. ಹೊಡೆತ ಕಲಿಸೋದು ನನಗೆ ಗೊತ್ತಿಲ್ಲ. ಕಲಿತದ್ದನ್ನು ಕೆಡಿಸೋದು ಮಾತ್ರ ಬರುತ್ತೆ.

ಪ್ರಶ್ನೆ: ಕೊನೆಗೂ ಬಿಡುಗಡೆ ಯಾವಾಗ?

ತಂತಿ: ಸದ್ಯದಲ್ಲೇ ಇರಬೇಕು. ನಿನ್ನೆ ಅಂಗಡಿಗೆ ಫೋನ್ ಮಾಡಿದ್ದನ್ನು ಕೇಳಿಸಿಕೊಂಡೆ: "ಈ ರ‍್ಯಾಕೆಟ್ ಹಾಳಾಯ್ತು, ಒಂದು ಬಾಲೂ ಒಳಗೆ ಬೀಳ್ತಿಲ್ಲ. ಅಲ್ಕರಾಜ್ ಹಿಡಿಯೋದೇ ಕೊಡಿ, ಎಷ್ಟಾದರೂ ಆಗಲಿ. ಗಟ್ಟಿಂಗ್ ಮಾತ್ರ ಹರಿಯದಂಥದ್ದು ಹಾಕಿ, ಪದೇ ಪದೇ ಬರೋಕಾಗಲ್ಲ!"