ಸೂಪರ್ ಬಿಲ್ಟ್‌ಅಪ್ ಕನಸು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಬೆಂಗಳೂರಿನ ಫ್ಲ್ಯಾಟ್ ವ್ಯವಹಾರವನ್ನು ಕಂಡವರಲ್ಲವಾದ್ದರಿಂದ, ಪದವಿ ಮುಗಿದು ಎರಡು ವರ್ಷ ತುಂಬುವ ಮೊದಲೇ ಸರ್ಜಾಪುರ ರಸ್ತೆಯಲ್ಲಿ ಮನೆ ನೋಡಲು ಹೊರಡುವ ತರುಣನಿಗೆ ಆ ಗಾದೆಯಿಂದ ದೊರೆಯುವ ನೆರವು ಅತ್ಯಲ್ಪ. ಅವನು ಮೊದಲು ಕಲಿಯಬೇಕಾದದ್ದು ಒಂದು ಹೊಸ ರೇಖಾಗಣಿತವನ್ನು. ಮನೆಯ ಒಳಗೆ ನಿಜವಾಗಿ ಬಳಕೆಗೆ ಸಿಗುವ ನೆಲಕ್ಕೆ ಕಾರ್ಪೆಟ್ ಏರಿಯಾ ಎಂದು ಹೆಸರು. ಅದಕ್ಕೆ ಹೊರಗೋಡೆಯ ದಪ್ಪ, ಬಾಲ್ಕನಿ, ಮೆಟ್ಟಿಲು, ಲಿಫ್ಟುಗಳಲ್ಲಿ ಅವನ ಪಾಲಿಗೆ ಬರುವ ಚೂರುಪಾರನ್ನೆಲ್ಲ ಕೂಡಿಸಿದರೆ ಅದು ಸೂಪರ್ ಬಿಲ್ಟ್‌ಅಪ್ ಏರಿಯಾ ಎನಿಸಿಕೊಳ್ಳುತ್ತದೆ. ಸ್ಥಿರಾಸ್ತಿ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯು ಮೊದಲನೆಯದನ್ನು ಸ್ಪಷ್ಟವಾಗಿ ವ್ಯಾಖ್ಯಾನಿಸಿದ್ದರೂ ಮಾರಾಟದ ಮಾತುಕತೆಯಲ್ಲಿ ಎರಡನೆಯದೇ ಮೆರೆಯುವುದರಿಂದ, 1,200 ಚದರಡಿಯ ಮನೆಯಲ್ಲಿ ಮಂಚ ಹಾಕಿದ ಮೇಲೆ ಬೀರುವಿನ ಬಾಗಿಲು ತೆರೆಯದಿದ್ದರೆ, ಉಳಿದ ನೆಲ ಲಿಫ್ಟಿನ ಮುಂದೆ ಕ್ಷೇಮವಾಗಿದೆಯೆಂದು ಸಮಾಧಾನಪಟ್ಟುಕೊಳ್ಳಬೇಕಾಗುತ್ತದೆ.

ಸಾಲದ ಲೆಕ್ಕ ಇಷ್ಟು ನಿಗೂಢವಲ್ಲ. 50 ಲಕ್ಷ ರೂಪಾಯಿಯನ್ನು ಶೇ. 8.5ರ ಬಡ್ಡಿಗೆ 20 ವರ್ಷಗಳ ಅವಧಿಗೆ ಪಡೆದರೆ ಇಎಂಐ, ಅಂದರೆ ತಿಂಗಳ ಸಮಕಂತು, ಸುಮಾರು 43,400 ರೂಪಾಯಿಯಾಗಿ, ಒಟ್ಟು ಮರುಪಾವತಿ 1 ಕೋಟಿ 4 ಲಕ್ಷಕ್ಕೆ ಮುಟ್ಟುತ್ತದೆ. ಒಂದು ಮನೆ ತನಗೆ, ಇನ್ನೊಂದು ಬ್ಯಾಂಕಿಗೆ.

ಆಸ್ತಿತೆರಿಗೆಯ ಹೊಣೆ ಯಾರದೆಂದು ಹೇಳುವ ದಾಖಲೆಯಾದ ಖಾತೆಯಲ್ಲಿಯೂ ಎ ಮತ್ತು ಬಿ ಎಂಬ ಜಾತಿಗಳಿದ್ದು, ಅನುಮತಿಗಳಲ್ಲಿ ಕೊರತೆಯುಳ್ಳ ಬಿ ಖಾತೆಯ ಆಸ್ತಿಗೆ ಸಾಲ ಕೊಡಲು ಅನೇಕ ಬ್ಯಾಂಕುಗಳು ಹಿಂಜರಿಯುತ್ತವೆ. ಆದ್ದರಿಂದ ಮುಂಗಡ ಕೊಡುವ ಮೊದಲು ಓದುಗರು ಖಾತೆಯ ಪ್ರತಿಯನ್ನು ವಕೀಲರಿಗೆ ತೋರಿಸಲಿ; ಮನೆ ನೋಡಲು ಹೋಗುವಾಗ ಅಳತೆಯ ಟೇಪೊಂದನ್ನೂ ಜೇಬಿನಲ್ಲಿಟ್ಟುಕೊಳ್ಳಲಿ.